ಲಂಕೆಯ ನೈದಿಲೆ ಮತ್ತು ನನ್ನ ಹಲ್ಲುಪುಡಿ ಡಬ್ಬಿ

ಬ್ಯಾಡಗಿ

ನಾನು ನಾಲ್ಕನೇ ಇಯತ್ತೆವರೆಗೆ ಓದಿದವನು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ಗೋಣಿಚೀಲ, ಸುತಳಿ ಮಾರುತ್ತ ನಲವತ್ತು ವರ್ಷ ಕೂತವನು. ದೂರ ಹೋದದ್ದೆಂದರೆ ಶ್ರೀಶೈಲ, ಅದೂ ಒಂದೇ ಸಲ. ಅಂಥ ನಾನು ಸಮುದ್ರ ದಾಟಿ ಹೋಗಿ ಬಂದಿದ್ದೇನೆ. ಈಗಲೂ ಕನ್ನಡಿ ಮುಂದೆ ನಿಂತಾಗ, ಇವನೇನಾ ಹೋಗಿ ಬಂದವನು ಎಂದು ಒಮ್ಮೆ ನೋಡಿಕೊಳ್ಳುತ್ತೇನೆ.

ಕಾರಣ ನನ್ನ ಮೊಮ್ಮಗಳು ಸುಧಾ. ಆಯುರ್ವೇದ ಓದುತ್ತಾಳೆ. ನಮ್ಮ ಕೆರೆಗಳಲ್ಲಿ ಅರಳುವ ನೀಲಿ ನೈದಿಲೆಯ ಮೇಲೆ ಒಂದು ಬರಹ ಬರೆದಳು. ಜನ ಅದನ್ನು ಯಾವ ದೇವರಿಗೆ ಏರಿಸುತ್ತಾರೆ, ಯಾವ ಬೇನೆಗೆ ಕೊಡುತ್ತಾರೆ, ಅದರಲ್ಲಿ ಎಷ್ಟು ಪರೀಕ್ಷೆಗೆ ನಿಂತಿದೆ ಎಂಬುದು ವಿಷಯ. ಲಂಕೆಯ ಕ್ಯಾಂಡಿ ಊರಿನಲ್ಲಿ ನಡೆಯುವ ವೈದ್ಯರ ಸಭೆಯಲ್ಲಿ ಅದನ್ನು ಓದಲು ಕರೆ ಬಂತು. ಜೊತೆಗೆ ಮನೆಯವರೊಬ್ಬರು ಬೇಕಲ್ಲ? ನನ್ನ ಮಗನಿಗೆ ರಜೆಯಿಲ್ಲ, ಸೊಸೆಗೆ ವಿಮಾನವೆಂದರೆ ಹೆದರಿಕೆ. "ನಾ ಇದ್ದೇನಲ್ಲವಾ" ಎಂದೆ. ಎಲ್ಲರೂ ನಕ್ಕರು. ಸುಧಾ ನಗಲಿಲ್ಲ. "ಹೌದು, ಅಜ್ಜನs ಬರ್ಲಿ. ಆ ಹೂವ ನಂಗ ಮೊದಲ ತೋರಿಸಿದಾಂವ ಅವನs" ಎಂದಳು.

ಅದು ಖರೇ. ನನ್ನ ಹುಟ್ಟೂರು ತುಂಗಭದ್ರೆಯ ದಂಡೆಯ ಐರಣಿ. ನಮ್ಮ ಮನೆಯಲ್ಲಿ ಬಾಣಂತಿ ಮೊದಲ ಸಲ ನೀರಿಗೆ ಹೋಗುವಾಗ ಬಾವಿಕಟ್ಟೆಯ ಮೇಲೆ ಐದು ಹರಳಿಟ್ಟು ಗಂಗಮ್ಮನ ಪೂಜೆ ಮಾಡುತ್ತಾರೆ. ಅದು ಎಲ್ಲರ ಮನೆಯಲ್ಲೂ ಇರುವುದೇ. ನಮ್ಮವ್ವ ಮಾತ್ರ ಆ ಹರಳುಗಳ ಮೇಲೆ ನೀಲಿ ನೈದಿಲೆಯೇ ಬೇಕು ಎನ್ನುತ್ತಿದ್ದಳು. ಸುಧಾ ಹುಟ್ಟಿದಾಗ ಕೆರೆಗೆ ಇಳಿದು ಎದೆಮಟ್ಟ ನೀರಿನಲ್ಲಿ ಹೂ ಕಿತ್ತು ತಂದವನು ನಾನು. ಅದರ ಗೆಡ್ಡೆಯನ್ನು ಒಣಗಿಸಿ, ಕುಟ್ಟಿ, ಬೇಸಿಗೆಯಲ್ಲಿ ಹೊಟ್ಟೆ ಉರಿ, ಮೂತ್ರದ ಉರಿ ಎಂದವರಿಗೆ ಅವ್ವ ಮಜ್ಜಿಗೆಯಲ್ಲಿ ಕೊಡುತ್ತಿದ್ದಳು.

ಈಗ ನನ್ನ ಕಳ್ಳತನ ಹೇಳಬೇಕು. ನನಗೆ ಸಕ್ಕರೆ ಬೇನೆ. ದಿನಕ್ಕೆ ಎರಡು ಗುಳಿಗೆ. ಸುಧಾ ಮನೆಯಲ್ಲಿ ಕೂತು ತನ್ನ ಓದಿನದನ್ನು ಗಟ್ಟಿಯಾಗಿ ಓದುವಾಗ, ಈ ನೈದಿಲೆ ಕೊಟ್ಟಾಗ ಇಲಿಗಳ ಸಕ್ಕರೆ ಇಳಿದದ್ದುಂಟು ಎಂದು ಓದಿದಳು. ಮುಂದೆ ಏನೋ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ಇಲಿಗೆ ಇಳಿದದ್ದು ಇಷ್ಟು ದೊಡ್ಡ ಮನುಷ್ಯನಿಗೆ ಇಳಿಯದೇ? ಅದೂ ನನ್ನ ಅವ್ವನ ಔಷಧ, ನನ್ನ ಮೊಮ್ಮಗಳ ಪುಸ್ತಕ. ಐರಣಿಗೆ ಹೋಗಿ ಗೆಡ್ಡೆ ತಂದೆ, ಕುಟ್ಟಿಸಿದೆ, ಡಬ್ಬಿ ತುಂಬಿದೆ. ಹೊರಡುವ ದಿನ ಗುಳಿಗೆಯ ಪಾಕೀಟನ್ನು ಮನೆಯ ಗೋಡೆಯ ಮಾಡದಲ್ಲೇ ಬಿಟ್ಟು, ಡಬ್ಬಿಯನ್ನು ಚೀಲಕ್ಕೆ ಹಾಕಿದೆ. ಕ್ಯಾಂಡಿಯಲ್ಲಿ ಆಕೆ ಇದನ್ನು ಸಾಬೀತು ಮಾಡಿ ತೋರಿಸುತ್ತಾಳೆ, ಆಮೇಲೆ ಹೇಳಿದರಾಯಿತು ಎಂದು ನನ್ನ ಲೆಕ್ಕ. ಗೆದ್ದ ಮೇಲೆ ಆಕೆಯ ಕೊರಳಿಗೆ ಹಾಕಲು ಹಾವೇರಿಯಿಂದ ಒಂದು ಏಲಕ್ಕಿ ಹಾರವನ್ನೂ ತಂದು ಇಟ್ಟುಕೊಂಡೆ.

ಪಾಸ್‌ಪೋರ್ಟಿನ ಫೋಟೋ ತೆಗೆಸಿದ್ದು ರಾಣೆಬೆನ್ನೂರಿನಲ್ಲಿ. ಫೋಟೋದವನು ರುಮಾಲು ತೆಗೆಯಿರಿ ಎಂದ. ಅಂಗಡಿಯ ಪರದೆ ಎಳೆಸಿ, ಬಾಗಿಲು ಮುಚ್ಚಿಸಿ ತೆಗೆದೆ. ನಲವತ್ತು ವರ್ಷದಲ್ಲಿ ಹೆಂಡತಿ ಪಾರವ್ವನ ಹೊರತು ನನ್ನ ಬೋಳು ತಲೆ ಕಂಡವನು ಅವನೊಬ್ಬನೇ.

ಕೊಲಂಬೊ

ವಿಮಾನದ ಬಗ್ಗೆ ಹೇಳುವುದಿಲ್ಲ. ಕಣ್ಣು ಮುಚ್ಚಿದ್ದೆ.

ಕೊಲಂಬೊದಲ್ಲಿ ಇಳಿದರೆ ಚೀಲ ತಪಾಸಣೆ. ಆ ದೇಶದಲ್ಲಿ ಒಳಜಗಳ ಒಂದಿಷ್ಟು ತಣ್ಣಗಾಗಿದೆ ಎನ್ನುತ್ತಾರೆ, ಆದರೂ ಎಲ್ಲಿ ನೋಡಿದರೂ ಬಂದೂಕು ಹಿಡಿದ ಹುಡುಗರು. ಅಧಿಕಾರಿ ಏಲಕ್ಕಿ ಹಾರವನ್ನು ಎತ್ತಿ ಮೂಸಿ, ಪಕ್ಕದವನಿಗೂ ಮೂಸಲು ಕೊಟ್ಟು, ನಕ್ಕು ಒಳಗಿಟ್ಟ. ಆಮೇಲೆ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದ. ಬೂದು ಬಣ್ಣದ ಪುಡಿ. ನಗು ಹೋಯಿತು.

"ಅಜ್ಜಾ, ಇದೇನಂತ ಕೇಳಾಕತ್ತಾರ. ಏನಿದು?" ಎಂದಳು ಸುಧಾ.

ಆಕೆಯ ಮುಖ ನೋಡಿದೆ, ಬಂದೂಕು ನೋಡಿದೆ. "ಹಲ್ಲಪುಡಿ" ಎಂದೆ.

ಅಧಿಕಾರಿ ಬಾಯಿಗೆ ಬೆರಳು ತೋರಿಸಿ ಉಜ್ಜುವ ಹಾಗೆ ಮಾಡಿದ. ತೋರಿಸು ಎನ್ನುತ್ತಿದ್ದಾನೆ. ಅಷ್ಟು ಜನರ ನಡುವೆ, ಒಂದು ಚಿಟಿಕೆ ತೆಗೆದು ನನಗಿರುವ ಹನ್ನೊಂದು ಹಲ್ಲುಗಳನ್ನು ಗಸಗಸ ಉಜ್ಜಿದೆ. ಹಿಂದೆ ನಿಂತಿದ್ದ ಬಿಳಿಯ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿದಳು. ಬಿಟ್ಟರು. ಅಂದಿನಿಂದ ಮೂರು ದಿನ ಬೆಳಗ್ಗೆ ಎದ್ದು ಸುಧಾಳ ಎದುರು ಅದರಲ್ಲೇ ಹಲ್ಲು ಉಜ್ಜಬೇಕಾಯಿತು. ಆಕೆ ಆಚೆ ತಿರುಗಿದಾಗ ಒಂದು ಚಮಚ ನುಂಗುತ್ತಿದ್ದೆ.

ಕ್ಯಾಂಡಿಗೆ ಬಸ್ಸು. ಮುಂದಿನ ಸೀಟು ಖಾಲಿ ಇದ್ದುದರಿಂದ ಖುಷಿಯಿಂದ ಕೂತೆ. ಬಸ್ಸು ತುಂಬಿತು, ಜನ ನಿಂತರು, ನನ್ನ ಪಕ್ಕ ಮಾತ್ರ ಯಾರೂ ಕೂಡುತ್ತಿಲ್ಲ. ನನ್ನ ರುಮಾಲು ಕಂಡು ಗೌರವ ಕೊಡುತ್ತಿದ್ದಾರೆ ಎಂದುಕೊಂಡು ಮೀಸೆ ತಿರುವಿದೆ. ಮುಂದಿನ ಊರಲ್ಲಿ ಕಾವಿ ಬಟ್ಟೆಯ ಭಿಕ್ಷುವೊಬ್ಬರು ಹತ್ತಿದರು. ಇಡೀ ಬಸ್ಸು ನನ್ನನ್ನೇ ನೋಡಿತು. ಆ ಸೀಟು ಸ್ವಾಮಿಗಳದಂತೆ. ನಮ್ಮ ಬಸ್ಸಿನಲ್ಲಾದರೆ ಮಹಿಳೆಯರಿಗೆ ಎಂದು ಬರೆದ ಸೀಟಿನ ಮೇಲೆ ಗಂಡಸರು ನಿದ್ದೆ ಹೋಗಿರುತ್ತಾರೆ. ಇಲ್ಲಿ ಯಾರೂ ಒಂದು ಮಾತು ಆಡಲಿಲ್ಲ, ಏಳು ಎನ್ನಲಿಲ್ಲ. ನಾನೇ ಎದ್ದೆ. ಭಿಕ್ಷು ನನ್ನ ಚೀಲವನ್ನು ದಾರಿಯುದ್ದಕ್ಕೂ ತಮ್ಮ ಕಾಲ ಬಳಿ ಹಿಡಿದುಕೊಂಡರು.

ಕ್ಯಾಂಡಿ, ಆಚ್ಚಿಯ ಮನೆ

ಇಳಿದುಕೊಂಡದ್ದು ಸೋಮಾ ಎಂಬ ನಿವೃತ್ತ ಶಿಕ್ಷಕಿಯ ಮನೆಯಲ್ಲಿ. ನನಗಿಂತ ಎರಡು ವರ್ಷ ಹಿರಿಯರು, ನಡಿಗೆ ಮಾತ್ರ ಹುಡುಗಿಯದು. ಅಲ್ಲಿ ಅಜ್ಜಿಗೆ ಆಚ್ಚಿ ಎನ್ನುತ್ತಾರೆ. ಸುಧಾ ಹಾಗೆ ಕರೆದಳು, ನಾನೂ ಹಾಗೇ ಕರೆದೆ. ಆಚ್ಚಿ ಮತ್ತು ಸುಧಾ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ನಾನು ಮತ್ತು ಆಚ್ಚಿ ಕೈಸನ್ನೆಯಲ್ಲಿ ಮಾತಾಡುತ್ತಿದ್ದೆವು. ಅದರಲ್ಲೇ ಹೆಚ್ಚು ಮಾತು ಆಯಿತು.

ಊಟಕ್ಕೆ ಕೂತಾಗ ಕೊಬ್ಬರಿ ಮತ್ತು ಖಾರ ಕಲಸಿದ ಕೆಂಪು ಚಟ್ನಿ ಬಂತು. ಆಚ್ಚಿ ಖಾರ ಎಂದು ಕೈ ಅಲ್ಲಾಡಿಸಿದರು. ನಾನು ಎದೆ ತಟ್ಟಿದೆ.

"ಹೇಳವಾ ಸುಧಾ, ನಾ ಬ್ಯಾಡಗಿಯಾಂವ ಅಂತ. ನಮ್ಮೂರಿನ ಕಾಯಿ ಕಂಡ್ರ ಊರೂರ ಜನ ಹೌಹಾರ್ತಾರ ಅಂತ."

"ಅಜ್ಜಾ, ನಮ್ಮ ಕಾಯಾಗ ಬಣ್ಣ ಅಷ್ಟs ಇರೂದು. ಸುಮ್ನ ಉಣ್ಣು."

ಒಂದು ತುತ್ತು ಹಾಕಿಕೊಂಡೆ. ಕಿವಿಯಲ್ಲಿ ಹೊಗೆ ಬಂತು. ಮೂರು ಚೊಂಬು ನೀರು ಕುಡಿದೆ. ಆಚ್ಚಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಿಜ ಹೇಳಬೇಕೆಂದರೆ ಆ ದಿನ ಚಟ್ನಿ ಬರುವುದಕ್ಕೆ ಮೊದಲೇ ನನಗೆ ವಿಪರೀತ ಬಾಯಾರಿಕೆ ಇತ್ತು. ಮೂತ್ರಕ್ಕೆ ಹೋಗಿ ಬರುವುದೂ ಹೆಚ್ಚಿತ್ತು. ನೀರು ಬದಲಾದದ್ದಕ್ಕೆ ಎಂದುಕೊಂಡೆ.

ಖಾರ ಇಳಿಸಲು ಇನ್ನೊಂದು ಪಲ್ಯ ಬಡಿಸಿದರು. ತೆಂಗಿನ ಹಾಲಿನಲ್ಲಿ ಬೆಂದ ಮೆತ್ತನೆಯ ದಂಟು. ಏನೆಂದು ಕೇಳಿದರೆ ನೈದಿಲೆಯ ದಂಟಂತೆ! ನಾವು ದೇವರಿಗೆ ಏರಿಸುವುದನ್ನು ಇವರು ದೇವರಿಗೂ ಏರಿಸಿ ತಾವೂ ಉಣ್ಣುತ್ತಾರೆ. ಹಿತ್ತಲಿನ ದೊಡ್ಡ ಮಣ್ಣಿನ ಬಾನಿಯಲ್ಲಿ ನೀಲಿ ಹೂವೇ ಇತ್ತು. ಅವರ ಮಾತಿನಲ್ಲಿ ಮಾನೆಲ್. ಐರಣಿ ಕೆರೆಯದೇ ಹೂ, ಅದೇ ನೀಲಿ, ನಡುವೆ ಅದೇ ಅರಿಸಿನದ ಚುಕ್ಕೆ. ಸಮುದ್ರ ದಾಟಿ ಬಂದು ನಮ್ಮ ಓಣಿಯವರನ್ನೇ ಕಂಡ ಹಾಗಾಯಿತು.

ನನಗೆ ತಡೆಯಲಾಗಲಿಲ್ಲ. ಒಂದು ದಂಟು ಕಿತ್ತು, ಬೆರಳುದ್ದ ಮುರಿದು, ಸಿಪ್ಪೆ ಹರಿಯದಂತೆ ಎಳೆದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮುರಿಯುತ್ತ ಹೋದೆ. ಹುಡುಗರಾಗಿದ್ದಾಗ ಕೆರೆದಂಡೆಯಲ್ಲಿ ಮಾಡುತ್ತಿದ್ದ ಸರ. ತಲೆ ಎತ್ತಿ ನೋಡಿದರೆ ಆಚ್ಚಿಯ ಕೈಯಲ್ಲೂ ಒಂದು ದಂಟು. ನನಗಿಂತ ಬೇಗ ಮುಗಿಸಿ, ಹೂವನ್ನು ಪದಕದ ಹಾಗೆ ತೂಗುಬಿಟ್ಟು, ಸುಧಾಳ ಕೊರಳಿಗೆ ಹಾಕಿದರು.

"ಇದನ್ನ ಇವರಿಗೆ ಯಾರು ಕಲಿಸಿದ್ರವಾ?" ಎಂದೆ.

"ನಿನಗ ಯಾರು ಕಲಿಸಿದ್ರು?" ಎಂದಳು ಸುಧಾ.

ಯಾರೂ ಕಲಿಸಿರಲಿಲ್ಲ. ಕೆರೆ ಇತ್ತು, ಅಷ್ಟೇ.

ಕ್ಯಾಂಡಿ, ದಂತದ ಗುಡಿ

ಮರುದಿನ ಆಚ್ಚಿ ಬಿಳಿ ಸೀರೆ ಉಟ್ಟು ನಮ್ಮನ್ನು ಬುದ್ಧನ ದಂತವಿರುವ ಗುಡಿಗೆ ಕರೆದೊಯ್ದರು. ಹೊರಗೆ ಹೂವಿನಂಗಡಿಯ ಸಾಲು. ನಮ್ಮಲ್ಲಿ ಹೂವಾಡಗಿತ್ತಿಯರು ದಾರದಲ್ಲಿ ಕಟ್ಟುತ್ತಾರೆ. ಇಲ್ಲಿ ಹೆಣ್ಣುಮಕ್ಕಳು ಮಾನೆಲ್ ಮೊಗ್ಗು ಹಿಡಿದು, ಒಂದೊಂದೇ ಎಸಳನ್ನು ಹೊರಕ್ಕೆ ಮಡಚಿ ಕೈಯಿಂದಲೇ ಅರಳಿಸುತ್ತಾರೆ. ಎಷ್ಟು ಹದ! ಒಂದು ಎಸಳೂ ಮುರಿಯದು. ನಾನೊಂದು ಹಿಡಿದು ನೋಡಿದೆ, ನಾಲ್ಕು ಎಸಳು ಕೈಗೇ ಬಂದವು. ಅಂಗಡಿಯಾಕೆ ಕೋಪಿಸಿಕೊಳ್ಳಲಿಲ್ಲ, ಬೇರೆ ಹೂ ಕೊಟ್ಟಳು. ಮೂಸಲು ಮೂಗಿನ ಹತ್ತಿರ ತಂದೆ, ಆಚ್ಚಿ ತಟ್ಟನೆ ಕೈ ಹಿಡಿದರು. ದೇವರಿಗಿಂತ ಮೊದಲು ನಾವು ಮೂಸಬಾರದು. ನಮ್ಮವ್ವನೂ ಇದಕ್ಕೇ ನನಗೆ ಹೊಡೆದಿದ್ದಳು.

ಬಾಗಿಲಲ್ಲಿ ಕಾವಲಿನವನು ರುಮಾಲು ತೋರಿಸಿ ತೆಗೆ ಎಂದ. ನಮ್ಮಲ್ಲಿ ದೊಡ್ಡವರ ಮುಂದೆ, ದೇವರ ಮುಂದೆ ತಲೆಗೆ ಬಟ್ಟೆ ಇರಬೇಕು. ಅಲ್ಲಿ ಇರಬಾರದು. ಫೋಟೋ ಅಂಗಡಿಯ ಹಾಗೆ ಎಳೆಯಲು ಪರದೆಯೂ ಇರಲಿಲ್ಲ.

"ತಗಿ ಅಜ್ಜಾ, ಬುದ್ಧನ ಮುಂದ ಏನ್ ನಾಚಿಕಿ?"

"ಬುದ್ಧನ ಮುಂದ ಇಲ್ಲವಾ. ಆಚ್ಚಿ ಮುಂದ" ಎಂದೆ. ತೆಗೆದೆ. ತಲೆಗೆ ತಣ್ಣನೆಯ ಗಾಳಿ ತಗುಲಿತು.

ಒಳಗೆ ಉದ್ದದ ಮೇಜು, ಅದರ ತುಂಬ ಹೂ. ನೂಕಿಲ್ಲ, ಕೂಗಿಲ್ಲ, ಅರ್ಚನೆಗೆ ಹೆಸರು, ನಕ್ಷತ್ರ ಕೇಳುವವರಿಲ್ಲ. ಜನ ಹೂವಿಗೆ ನೀರು ಚಿಮುಕಿಸಿ, ಇಟ್ಟು, ನೆಲಕ್ಕೆ ಕೂತುಬಿಡುತ್ತಾರೆ. ಅಷ್ಟು ಜನ ಸೇರಿ ಅಷ್ಟು ಸುಮ್ಮನಿರುವುದನ್ನು ನಾನು ಮೊದಲ ಸಲ ಕಂಡೆ. ನಾನೂ ಹೂ ಇಟ್ಟೆ. ನಾಳೆ ನನ್ನ ಮೊಮ್ಮಗಳು ಗೆಲ್ಲಲಿ, ನನ್ನವ್ವನ ಔಷಧ ಗೆಲ್ಲಲಿ ಎಂದು ಬೇಡಿಕೊಂಡೆ. ಆಮೇಲೆ ನಮ್ಮ ರೂಢಿಯಂತೆ ಒಂದು ಹೂವನ್ನು ಪ್ರಸಾದವೆಂದು ಎತ್ತಿ, ಕಣ್ಣಿಗೊತ್ತಿ, ಸಿಕ್ಕಿಸಲು ರುಮಾಲು ಇಲ್ಲದ್ದರಿಂದ ಕಿವಿಯ ಮೇಲೆ ಇಟ್ಟುಕೊಂಡೆ.

ಸುತ್ತಲಿನವರ ಕಣ್ಣು ದೊಡ್ಡವಾದವು. ಸುಧಾಳ ಮುಖ ಬಿಳಿಚಿಕೊಂಡಿತು. ಆಚ್ಚಿ ಮಾತ್ರ ಎದ್ದು ಬಂದು, ಮಗುವಿನ ಕಿವಿಯಿಂದ ಎಲೆ ತೆಗೆಯುವ ಹಾಗೆ ಮೆಲ್ಲಗೆ ಹೂ ತೆಗೆದು, ಮತ್ತೆ ಮೇಜಿನ ಮೇಲಿಟ್ಟು, ನನ್ನ ಕೈಗಳನ್ನು ತಾವೇ ಜೋಡಿಸಿದರು.

ಹೊರಗೆ ಬಂದ ಮೇಲೆ ಸುಧಾ ಬಿಡಿಸಿ ಹೇಳಿದಳು: "ಇಟ್ಟ ಹೂವ ಇಲ್ಲಿ ಯಾರೂ ತಿರುಗಿ ತಗೊಳ್ಳಂಗಿಲ್ಲಜ್ಜಾ. ಇದು ಬಾಡತೈತಿ, ಹಂಗs ನಾನೂ ಬಾಡ್ತೀನಿ ಅಂತ ನೆನಪು ಮಾಡ್ಕೊಳ್ಳಾಕ ಇಡೂದಂತ. ಏನೂ ಬೇಡಂಗಿಲ್ಲಂತ."

"ಏನೂ ಬೇಡಂಗಿಲ್ಲಂದ್ರ ಇಷ್ಟು ದೂರದಿಂದ ಯಾಕ ಬರ್ತಾರ?" ಎಂದೆ. ಸುಧಾ ಅದನ್ನು ಆಚ್ಚಿಗೆ ಹೇಳಿದಳು. ಆಚ್ಚಿ ನಕ್ಕರು.

ಸಂಜೆ ಸುಧಾ ಕೇಳಿದಳು, "ಗುಳಿಗಿ ತಗೊಂಡಿ?"

"ಹೂಂ" ಎಂದೆ. ಕಾಲು ಸೆಳೆಯುತ್ತಿತ್ತು.

ಸಭೆ

ನನ್ನ ಮೊಮ್ಮಗಳನ್ನು ನೀವು ಆ ದಿನ ನೋಡಬೇಕಿತ್ತು. ಇಳಕಲ್ ಸೀರೆ ಉಟ್ಟು, ಬಿಗಿಯಾಗಿ ಜಡೆ ಹೆಣೆದು, ನೆರೆದಿದ್ದ ದೊಡ್ಡ ದೊಡ್ಡ ಡಾಕ್ಟರುಗಳ ಮುಂದೆ ಒಂದಿಷ್ಟೂ ನಡುಗದೆ ನಿಂತಳು. ನಾನು ಮೊದಲ ಸಾಲಿನಲ್ಲಿ, ರುಮಾಲು ಹೊಸದಾಗಿ ಸುತ್ತಿ, ತೊಡೆಯ ಮೇಲೆ ಏಲಕ್ಕಿ ಹಾರದ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಆಚ್ಚಿ.

ಮಾತು ಇಂಗ್ಲಿಷು. ಗೋಡೆಯ ಮೇಲೆ ಚಿತ್ರ ಬೀಳುತ್ತಿತ್ತು. ಐರಣಿಯ ನಮ್ಮ ಬಾವಿಕಟ್ಟೆ ಬಂತು! ಐದು ಹರಳು, ಮೇಲೆ ನೈದಿಲೆ. ನಾನು ಆಚ್ಚಿಯ ಕೈ ತಿವಿದು, ಎದೆ ಮುಟ್ಟಿ ತೋರಿಸಿದೆ: ನಮ್ಮದು, ನಮ್ಮದು. ಆಮೇಲೆ ಚೌಕಾಬಾರದ ಮನೆಯ ಹಾಗೆ ಗೆರೆ ಎಳೆದ ಮೂರು ಉದ್ದನೆಯ ಮನೆ ಬಂದವು. ಮೊದಲ ಮನೆಯ ತಲೆಯ ಮೇಲೆ ಆರತಿ ತಟ್ಟೆಯ ಚಿತ್ರ. ಅದು ಮೇಲಿಂದ ಕೆಳತನಕ ಬರಹದಿಂದ ತುಂಬಿತ್ತು. ಎರಡನೆಯದರ ಮೇಲೆ ಗಾಜಿನ ನಳಿಗೆ ಮತ್ತು ಇಲಿ. ಅದು ಅರ್ಧ ತುಂಬಿತ್ತು. ಮೂರನೆಯದರ ಮೇಲೆ ಮನುಷ್ಯನ ಚಿತ್ರ. ಅದರಲ್ಲಿ ಎರಡು ಸಾಲು, ಕೆಳಗೆಲ್ಲ ಬಿಳಿ.

ನನಗೆ ಇಂಗ್ಲಿಷ್ ಬಾರದು. ಬಿಳಿ ಜಾಗ ಓದಲು ಇಂಗ್ಲಿಷ್ ಬೇಕಿಲ್ಲ. ಇಲಿಯ ಮನೆ ಅರ್ಧ ತುಂಬಿದೆ, ಮನುಷ್ಯನ ಮನೆ ಖಾಲಿ.

ಮಾತು ಮುಗಿಯಿತು. ಬಿಳಿ ಕೂದಲಿನ ಡಾಕ್ಟರಮ್ಮ ಒಬ್ಬರು ಎದ್ದು ಏನೋ ಕೇಳಿದರು. ಸುಧಾ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು: "ಅಜ್ಜಾ, ಇದು ನಿನಗs ಕೇಳಬೇಕಾದ ಪ್ರಶ್ನಿ. ನಿಮ್ಮ ಹಳ್ಯಾಗ ಈ ಗಡ್ಡಿ ನಂಬಿ ಗುಳಿಗಿ ಬಿಟ್ಟವರು ಅದಾರೇನು ಅಂತ ಕೇಳಾಕತ್ತಾರ. ನಾ ಕಂಡಿಲ್ಲ. ನೀ ಕಂಡೀಯೇನು?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಚಪ್ಪಾಳೆ ಬೀಳುತ್ತಿತ್ತು, ಹಾರ ಹಾಕಬಹುದಿತ್ತು, ಮಾಡದಲ್ಲಿರುವ ಗುಳಿಗೆಯ ಸುದ್ದಿ ಪಾರವ್ವನಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆಕೆ ಅಷ್ಟು ಜನರ ಮುಂದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಗೋಡೆಯ ಮೇಲೆ ಬಿಳಿ ಬಿಟ್ಟು ತೋರಿಸಿದ್ದಳು. ನಾನು ಎದ್ದೆ.

"ಒಬ್ಬಾಂವನ್ನ ಕಂಡೇನವಾ" ಎಂದೆ. "ಆ ಡಬ್ಯಾಗ ಇರೂದು ಹಲ್ಲಪುಡಿ ಅಲ್ಲ."

ಆಕೆ ಕೈಯಲ್ಲಿದ್ದ ಕಾಗದ ಕೆಳಗಿಟ್ಟಳು.

"ಅದು ನೈದಿಲಿ ಗಡ್ಡಿ. ಗುಳಿಗಿ ಬ್ಯಾಡಗ್ಯಾಗ ಐತಿ. ಇಲಿಗೆ ಇಳೀತಂತ ನೀನs ಓದಿದ್ದೆಲ್ಲವಾ..."

ಸುಧಾಳ ಕಣ್ಣು ತುಂಬಿದವು. ಆಮೇಲೆ ಸಭೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಏನೂ ಮುಚ್ಚಲಿಲ್ಲ. ಇವರು ನನ್ನ ಅಜ್ಜ, ಅರ್ಧ ಮಾತು ಇವರಿಗೆ ಮುಟ್ಟಿದ್ದು ನನ್ನಿಂದಲೇ, ಈ ಬಿಳಿ ಜಾಗವನ್ನು ಮೊದಲು ತೋರಿಸಬೇಕಾಗಿದ್ದದ್ದು ನಮ್ಮ ಮನೆಯಲ್ಲಿ ಎಂದಳಂತೆ. ಆಚ್ಚಿ ಕಣ್ಣೊರೆಸಿಕೊಂಡದ್ದನ್ನು ನೋಡಿಯೇ ನನಗೆ ಅರ್ಧ ತಿಳಿದಿತ್ತು.

ಸಭೆಯ ತುಂಬ ಡಾಕ್ಟರುಗಳಿದ್ದರೆ ಒಂದು ಅನುಕೂಲ. ಬಿಳಿ ಕೂದಲಿನ ಅಮ್ಮ ಇಳಿದು ಬಂದು, ನನ್ನ ಪಕ್ಕವೇ ಕೂತು, ಬೆರಳಿಗೆ ಚುಚ್ಚಿ, ಸಣ್ಣ ಯಂತ್ರದಲ್ಲಿ ರಕ್ತ ನೋಡಿದರು. ಸಕ್ಕರೆ ಏರಿ ಕೂತಿತ್ತು. ನನ್ನ ಗುಳಿಗೆಯ ಹೆಸರನ್ನು ಸುಧಾ ಬಾಯಿಪಾಠ ಒಪ್ಪಿಸಿದಳು. ಅರ್ಧ ಗಂಟೆಯಲ್ಲಿ ಅದೇ ಗುಳಿಗೆ ತರಿಸಿ, ತಾವೇ ನಿಂತು ನುಂಗಿಸಿದರು. ಹೋಗುವಾಗ ಏನೋ ಹೇಳಿ ನಕ್ಕರು.

"ಏನಂದ್ರು?"

"ಮೂರನೇ ಮನಿಗೆ ಒಬ್ಬ ಮನುಷ್ಯಾ ಸಿಕ್ಕ ಅಂದ್ರು. ಒಬ್ಬಾಂವ ಸಾಲಂಗಿಲ್ಲ ಅಂತ ನಾ ಅಂದೆ."

ಹಾರದ ಪೆಟ್ಟಿಗೆ ಇನ್ನೂ ತೊಡೆಯ ಮೇಲೇ ಇತ್ತು. ತೆಗೆದು ಆಕೆಯ ಕೊರಳಿಗೆ ಹಾಕಿದೆ. "ಯಾಕಜ್ಜಾ, ನಿನ್ನ ಔಷಧ ಗೆಲ್ಲಲಿಲ್ಲಲ್ಲ" ಎಂದು ಅಳುತ್ತ ನಕ್ಕಳು. ನಾನು ಹಾರವನ್ನು ಆಕೆಯ ಜಡೆಯಿಂದ ಬಿಡಿಸಿ ನೇರ ಮಾಡಿದೆ. ಇಡೀ ಸಭಾಂಗಣ ಹಾವೇರಿಯ ಏಲಕ್ಕಿ ವಾಸನೆಯಿಂದ ತುಂಬಿತು.

ಸಂಜೆ ಆಚ್ಚಿಯ ಹಿತ್ತಲಲ್ಲಿ ಕೂತಾಗ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. "ಹಂಗಾರ ನಮ್ಮವ್ವ ಸುಳ್ಳು ಹೇಳಿದ್ಲೇನವಾ?"

"ಮುತ್ತಜ್ಜಿ ಅದನ್ನ ಸಕ್ಕರಿ ಬ್ಯಾನಿಗಂತ ಯಾವಾಗ ಕೊಟ್ಟಿದ್ಲು, ಹೇಳು ನೋಡೋಣು?"

ಯೋಚಿಸಿದೆ. ಎಂದೂ ಕೊಟ್ಟಿರಲಿಲ್ಲ. ಬೇಸಿಗೆಯ ಉರಿಗೆ ಮಜ್ಜಿಗೆಯಲ್ಲಿ ಕೊಡುತ್ತಿದ್ದಳು, ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ರಾಣೆಬೆನ್ನೂರಿನ ದವಾಖಾನೆಗೆ ಎಂದು ಗಾಡಿ ಹೂಡಿಸುತ್ತಿದ್ದಳು. ಸಕ್ಕರೆಯನ್ನು ಸೇರಿಸಿದವನು ನಾನು.

"ಖಾಲಿ ಮನಿ ಅಂದ್ರ ಸುಳ್ಳು ಅಂತಲ್ಲಜ್ಜಾ. ಯಾರೂ ಇನ್ನೂ ಸರಿಯಾಗಿ ನೋಡಿಲ್ಲ ಅಂತ. ನೋಡೂತನಾ ಗುಳಿಗಿ ಬಿಡಬಾರದು ಅಂತ." ಆಮೇಲೆ ಹೇಳಿದಳು, "ಹಲ್ಲಪುಡಿ ಅಲ್ಲಂತ ನನಗ ಕೊಲಂಬೊದಾಗs ಗೊತ್ತಾಗಿತ್ತು. ಎರಡು ವರ್ಷ ಅದರ ವಾಸನಿ ಕುಡದೇನಿ. ಗುಳಿಗಿ ಜೋಡಿ ತಗೊಳ್ಳಾಕತ್ತೀ, ಇರ್ಲಿ, ಅಜ್ಜನ ಖುಷಿ ಅಂದ್ಕೊಂಡಿದ್ದೆ."

"ಮತ್ತ ದಿನಾ ಹಲ್ಲ ಯಾಕ ಉಜ್ಜಿಸಿದಿ?"

"ಚೊಲೋ ಉಜ್ಜತಿದ್ದಿ" ಎಂದಳು.

ಐರಣಿ

ಮನೆಗೆ ಬಂದ ಮೇಲೆ ಪಾರವ್ವನಿಗೆ ಎಲ್ಲ ಹೇಳಿದೆ. ಆಕೆ ಒಂದು ದಿನ ಮಾತು ಬಿಟ್ಟಳು. ಮರುದಿನ ಮಾಡದಿಂದ ಗುಳಿಗೆಯ ಪಾಕೀಟು ತೆಗೆದು ನನ್ನ ಅಂಗಿಯ ಜೇಬಿಗೆ ಹಾಕಿ, ಜೇಬಿಗೆ ಗುಂಡಿ ಹಚ್ಚಿದಳು. ಪೇಟೆಯವರು ಲಂಕೆ ಹೇಗಿದೆ ಎಂದು ಕೇಳಿದರೆ, ಅಲ್ಲಿನ ಖಾರದ ಮುಂದೆ ನಮ್ಮದು ಬರೀ ಬಣ್ಣ ಎಂದು ಹೇಳಿ ಬೈಸಿಕೊಳ್ಳುತ್ತಿದ್ದೇನೆ.

ಹೋದ ವಾರ ಇಬ್ಬರೂ ಐರಣಿಗೆ ಹೋದೆವು. ಕೆರೆಯಲ್ಲಿ ನೈದಿಲೆ ತುಂಬಿತ್ತು. ಈಗ ಎದೆಮಟ್ಟ ಇಳಿಯುವ ಧೈರ್ಯವಿಲ್ಲ, ಮೊಣಕಾಲಮಟ್ಟ ಇಳಿದು ಕೈಗೆ ಸಿಕ್ಕ ಒಂದನ್ನು ಕಿತ್ತೆ. ಬಾವಿಕಟ್ಟೆಯ ಮೇಲೆ ನೀರು ಚಿಮುಕಿಸಿ ಇಟ್ಟೆ. ರುಮಾಲನ್ನೂ ತೆಗೆದೆ. ಪಾರವ್ವ, ನಡುಮಧ್ಯಾಹ್ನ ಇದೇನು ಹುಚ್ಚು ಎಂದು ಅತ್ತಿತ್ತ ನೋಡಿದಳು. ಅವ್ವನನ್ನು ನೆನೆದೆ. ಏನೂ ಬೇಡಲಿಲ್ಲ. ಬೇಡದೆ ನಿಲ್ಲುವುದು ಹೇಳಿದಷ್ಟು ಸುಲಭವಲ್ಲ, ಎರಡು ಸಲ ನಾಲಿಗೆಯ ತುದಿಗೆ ಬಂದಿತ್ತು.

ಪಾರವ್ವ ರೂಢಿಯಂತೆ ಪ್ರಸಾದಕ್ಕೆ ಕೈ ಚಾಚಿದಳು. ಆಕೆಯ ಕೈ ಹಿಡಿದೆ.

"ಅದು ಇಲ್ಲೇ ಇರ್ಲಿ ಬಿಡು."

"ಹಂಗಾರ ನಮಗೇನ್ರಿ?"

ಜೇಬಿನ ಗುಂಡಿ ಬಿಚ್ಚಿದೆ. "ನಮಗ ಗುಳಿಗಿ ಐತಿ" ಎಂದು, ಬಾವಿಯ ನೀರಿನಲ್ಲೇ ನುಂಗಿದೆ.